ಚೆಯೋಲ್‌ಫ್ರಿತ್ ಬರೆಸಿದ ಬೈಬಲ್

ಕೋಡೆಕ್ಸ್ ಅಮಿಯಾಟಿನಸ್. 8ನೇ ಶತಮಾನದ ಆರಂಭ. ಚರ್ಮದ ಹಾಳೆ, ಶಾಯಿ, ಬಣ್ಣ. ಲಾರೆಂಷಿಯನ್ ಗ್ರಂಥಾಲಯ, ಫ್ಲಾರೆನ್ಸ್.

ಲ್ಯಾಟಿನ್ ವಲ್ಗೇಟ್ ಬೈಬಲ್ಲಿನ ಸಂಪೂರ್ಣ ಪ್ರತಿಗಳಲ್ಲಿ ಇಂದಿಗೂ ಉಳಿದಿರುವ ಅತ್ಯಂತ ಹಳೆಯದು ಇದು. ಸಾವಿರಕ್ಕೂ ಹೆಚ್ಚು ಹಾಳೆಗಳು, ಸುಮಾರು 34 ಕಿಲೋ ತೂಕ. ಇಟಲಿಯ ಅಮಿಯಾಟಾ ಬೆಟ್ಟದ ಮಠದಲ್ಲಿ ಶತಮಾನಗಳ ಕಾಲ ಇದ್ದುದರಿಂದ ಇದನ್ನು ಇಟಲಿಯದೆಂದೇ ನಂಬಲಾಗಿತ್ತು. ಆದರೆ ಇದು ಸಿದ್ಧವಾದದ್ದು ಉತ್ತರ ಇಂಗ್ಲೆಂಡಿನ ವೇರ್‌ಮೌತ್-ಜಾರೋ ಅವಳಿ ಮಠದಲ್ಲಿ. ಸಾಕ್ಷಿ ಅರ್ಪಣೆಯ ಪುಟದಲ್ಲೇ ಇದೆ. ಲೊಂಬಾರ್ಡರ ಮಠಾಧಿಪತಿ ಪೇತ್ರುಸ್ ಎಂಬ ಹೆಸರಿರುವ ಜಾಗವನ್ನು ನೋಡಿ: ಹಳೆಯ ಅಕ್ಷರಗಳನ್ನು ಕೆರೆದು, ಮೇಲೆ ಬೇರೊಂದು ಕೈ ಬರೆದಿದೆ. ಮೊದಲಿದ್ದ ಸಾಲುಗಳು ವೇರ್‌ಮೌತ್-ಜಾರೋದ ಮಠಾಧಿಪತಿ ಚೆಯೋಲ್‌ಫ್ರಿತ್ ತೀರಿಕೊಂಡ ಬಳಿಕ ಬರೆದ ಆತನ ಜೀವನಚರಿತ್ರೆಯಲ್ಲಿ ಉಳಿದಿವೆ; ಅಲ್ಲಿರುವುದು ಇಂಗ್ಲಿಷರ ಮಠಾಧಿಪತಿ ಚೆಯೋಲ್‌ಫ್ರಿತ್‌ನ ಹೆಸರು.

ಅಕ್ಷರಗಳ ದುಂಡನೆಯ ರೂಪ ಇಟಲಿಯದಲ್ಲವೇ ಎಂದು ಕೇಳಬಹುದು. ಹೌದು, ಮಾದರಿ ಅಲ್ಲಿಯದೇ. ವೇರ್‌ಮೌತ್-ಜಾರೋ ಮಠದ ಸ್ಥಾಪಕ ಬೆನೆಡಿಕ್ಟ್ ಬಿಸ್ಕಪ್ ಹಲವು ಬಾರಿ ರೋಮಿಗೆ ಹೋಗಿ ಪುಸ್ತಕಗಳನ್ನು ತಂದಿದ್ದ. ಲಿಪಿಕಾರರು ಆ ಬರವಣಿಗೆಯನ್ನು ಶ್ರದ್ಧೆಯಿಂದ ಕಲಿತರು. ಮಹಾವಿದ್ವಾಂಸ ಬೀಡ್ ಏಳನೆಯ ವಯಸ್ಸಿನಿಂದ ಬೆಳೆದದ್ದೂ ಇದೇ ಮಠದಲ್ಲಿ. ಕ್ರೈಸ್ತಲೋಕದ ಅಂಚಿನ ಸಂನ್ಯಾಸಿಗಳಿಂದ ಇಂಥ ಕೆಲಸ ಆಗದೆಂಬ ಎಣಿಕೆ ಅವರಿಗೆ ಮಾಡಿದ ಅನ್ಯಾಯ. ಚೆಯೋಲ್‌ಫ್ರಿತ್ ಇಂಥ ಮೂರು ಬೈಬಲ್‌ಗಳನ್ನು ಬರೆಸಿದ: ಎರಡು ತನ್ನ ಮಠದ ಚರ್ಚುಗಳಿಗೆ, ಇದು ರೋಮಿನ ಸಂತ ಪೀಟರನಿಗೆ. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಕಾಣಿಕೆಯೊಂದಿಗೆ ಹೊರಟವನು, 716ರ ಸೆಪ್ಟೆಂಬರ್ 25ರಂದು ಫ್ರಾನ್ಸಿನ ಲಾಂಗ್ರ್ ಪಟ್ಟಣದಲ್ಲಿ ತೀರಿಕೊಂಡ.