ಮೋಕ್ಷಪಟವೂ ಹನ್ನೊಂದನೆಯ ಗುಣಸ್ಥಾನವೂ

ನೋಡುಗನ ಕೈಗೊಂದು ಕೆಲಸ ಕೊಟ್ಟು ವಿಷಯ ತಿಳಿಸುವ ವಿನ್ಯಾಸಕ್ಕೆ ಜಾಲತಾಣ ಕಟ್ಟುವವರಲ್ಲಿ ಈಗ ಭಾರಿ ಬೆಲೆ. ಅದಕ್ಕೊಂದು ಭಾರತೀಯ ಪೂರ್ವಜನನ್ನು ಹುಡುಕುವವರು ತಟ್ಟನೆ ಹಾವು-ಏಣಿಯ ಮೋಕ್ಷಪಟವನ್ನು ತೋರಿಸುತ್ತಾರೆ. ಹಿಂದೆಯೇ ‘ಇದು ಸಂತ ಜ್ಞಾನೇಶ್ವರರ ರಚನೆ’ ಎಂಬ ಮಾತೂ ಬರುತ್ತದೆ. ಮಹಾರಾಷ್ಟ್ರದಲ್ಲಿ ಬೇರೂರಿರುವ ಈ ಮಾತಿಗೆ ಕೊಲ್ಹಾಪುರ, ಗಡಹಿಂಗ್ಲಜ ಕಡೆಯ ನಮ್ಮ ಕನ್ನಡದವರೂ ತಲೆದೂಗುವುದುಂಟು. ಜ್ಞಾನೇಶ್ವರಿ ಮುಗಿದದ್ದು 1290ರಲ್ಲಿ. ಉಳಿದುಬಂದಿರುವ ಪಟಗಳಲ್ಲಿ ಹೆಚ್ಚಿನವು 18–19ನೆಯ ಶತಮಾನದವು. ನಡುವಿನ ಅಷ್ಟೂ ಕಾಲವನ್ನು ಭಕ್ತಿಯೊಂದರಿಂದಲೇ ತುಂಬಿಸಿದರೆ ಅದು ಸಂಶೋಧನೆ ಆಗುವುದಿಲ್ಲ.

ಕೊಲ್ಹಾಪುರದಲ್ಲೇ ಈ ಸಡಿಲ ಮಾತು ಕೇಳಿದಾಗ ಹೆಚ್ಚು ಬೇಸರವಾಗುತ್ತದೆ. ಇಲ್ಲಿನ ರಾಜಾರಾಮ ಕಾಲೇಜಿನಲ್ಲಿ ಕೆ. ಜಿ. ಕುಂದಣಗಾರರು ಕನ್ನಡ ಕಲಿಸುತ್ತ ಊರೂರಿನ ಶಾಸನ ಓದಿ 1939ರಲ್ಲಿ ಸಂಪುಟವಾಗಿ ಹೊರತಂದರು. ಇಚಲಕರಂಜಿಗೆ ಸಮೀಪದ ಸದಲಗೆಯವರಾದ ಆ. ನೇ. ಉಪಾಧ್ಯೆ ಅದೇ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸಿದರು. ಜೈನ ಕರ್ಮಸಿದ್ಧಾಂತದ ಗ್ರಂಥವಾದ ಗೊಮ್ಮಟಸಾರದ ಸಂಸ್ಕೃತ ವ್ಯಾಖ್ಯಾನ ‘ಜೀವತತ್ತ್ವಪ್ರದೀಪಿಕೆ’ ಕೇಶವವರ್ಣಿಯದು ಎಂದು ಪಂಡಿತರು ನಂಬಿದ್ದ ಕಾಲದಲ್ಲಿ, ಅದು ನೇಮಿಚಂದ್ರನೆಂಬ ಈಚಿನವನೊಬ್ಬನ ಕೃತಿ, ಕೇಶವವರ್ಣಿ 1359ರಲ್ಲಿ ಮುಗಿಸಿದ ಕನ್ನಡ ವೃತ್ತಿಯನ್ನು ಆಧರಿಸಿ ಬರೆದದ್ದು ಎಂದು ಉಪಾಧ್ಯೆ ತೋರಿಸಿಕೊಟ್ಟರು. (ಈ ನೇಮಿಚಂದ್ರನನ್ನು ಗೊಮ್ಮಟಸಾರವನ್ನೇ ಬರೆದ, ಚಾವುಂಡರಾಯನ ಕಾಲದ ನೇಮಿಚಂದ್ರನೊಂದಿಗೆ ಬೆರೆಸಬಾರದು.) ಉಪಾಧ್ಯೆ ತೀರಿಕೊಂಡ ಮೇಲೆ ಆ ಕನ್ನಡ ವೃತ್ತಿ ಭಾರತೀಯ ಜ್ಞಾನಪೀಠದಿಂದ ನಾಲ್ಕು ಭಾಗಗಳಲ್ಲಿ ಅಚ್ಚಾಯಿತು. ಮೋಕ್ಷಪಟದ ಬಗ್ಗೆ ಬರೆಯುವವರು ಅದರ ಹಾಳೆ ತಿರುವಿದ ಗುರುತು ಎಲ್ಲೂ ಸಿಗುವುದಿಲ್ಲ.

ಜ್ಞಾನೇಶ್ವರ ಪಕ್ಷದವರ ಕೈಯಲ್ಲಿರುವ ಗಟ್ಟಿ ಸಾಕ್ಷ್ಯವನ್ನೇ ಮೊದಲು ನೋಡೋಣ. ಹರೀಶ ಜೋಹರಿ ಇಂಗ್ಲಿಷಿನಲ್ಲಿ ಪ್ರಚಾರಕ್ಕೆ ತಂದ 72 ಮನೆಗಳ ಪಟದಲ್ಲಿ 54ನೆಯ ಮನೆ ಭಕ್ತಿ. ಅಲ್ಲಿಂದ ಏಣಿ ನೇರ 68ಕ್ಕೆ, ಆಟದ ಗುರಿಗೆ. 37ನೆಯ ಜ್ಞಾನದ ಏಣಿ ಮಾತ್ರ 66ರಲ್ಲೇ ನಿಲ್ಲುತ್ತದೆ. ಭಕ್ತಿಯನ್ನು ಜ್ಞಾನಕ್ಕಿಂತ ಎರಡು ಮನೆ ಮೇಲಕ್ಕೆ ಒಯ್ಯುವವನು ಜ್ಞಾನೇಶ್ವರರ ಭಾಗವತ ಪಂಥದವನೇ ಎಂಬ ವಾದವನ್ನು ಒಪ್ಪಬಹುದು. ಆದರೆ ಒಂದು ಏಣಿ ಹೇಳುವುದು ಪಟವನ್ನು ಕೊನೆಗೆ ತಿದ್ದಿದ ಕೈ ಯಾರದು ಎಂಬುದನ್ನು ಮಾತ್ರ. ಮೊದಲು ಗೆರೆ ಎಳೆದ ಕೈ ಬೇರೆಯದಿರಬಹುದು. ವ್ಯಾಖ್ಯಾನದ ಮೇಲೊಂದು ವ್ಯಾಖ್ಯಾನ ಕೂತಾಗ ಒಬ್ಬನ ಹೆಸರು ಇನ್ನೊಬ್ಬನ ಕೃತಿಗೆ ಅಂಟಿಕೊಳ್ಳುವುದನ್ನು ಪ್ರದೀಪಿಕೆಯ ವಿಷಯದಲ್ಲಿ ನೋಡಿಯಾಗಿದೆ.

ನನ್ನ ಮಟ್ಟಿಗೆ ಪಟದ ನಿಜವಾದ ಸಾಕ್ಷ್ಯ ಇರುವುದು ತುದಿಯ ಸಾಲಿನಲ್ಲಿ. ಗುರಿ 68, ಪಟ ಅಲ್ಲಿಗೆ ಮುಗಿಯುವುದಿಲ್ಲ. ಗರ ಹೆಚ್ಚು ಬಿದ್ದು 68ನ್ನು ದಾಟಿದವನು 72ರವರೆಗೆ ಹೋಗಲೇಬೇಕು. ಅಲ್ಲಿ ತಮೋಗುಣದ ಹಾವು ಅವನನ್ನು 51ಕ್ಕೆ, ಭೂಮಿಗೆ, ಇಳಿಸುತ್ತದೆ. ‘ಪಾಪಕ್ಕೆ ಹಾವು, ಪುಣ್ಯಕ್ಕೆ ಏಣಿ, ಮಕ್ಕಳಿಗೆ ನೀತಿಪಾಠ’ ಎಂದು ಒಂದೇ ಸಾಲಿನಲ್ಲಿ ಮುಗಿಸುವವರು ಈ ತುದಿಯ ಹಾವಿಗೆ ಏನು ಹೇಳುತ್ತಾರೆ? ಅಷ್ಟು ಮೇಲಕ್ಕೆ ಹತ್ತಿದವನಿಗೆ ಬೀಳುವುದೇ ಗತಿ ಎಂಬ ಕಟ್ಟುಪಾಡನ್ನು ಆಡಿಯೇ ತಿಳಿಯಬೇಕು.

ಈ ಕಟ್ಟುಪಾಡಿಗೆ ಸರಿಹೊಂದುವ ತತ್ತ್ವ ಗೊಮ್ಮಟಸಾರದಲ್ಲಿ ಸಿಗುತ್ತದೆ. ಜೀವ ಮೇಲೇರುವ ಗುಣಸ್ಥಾನಗಳು ಹದಿನಾಲ್ಕು. ಎಂಟನೆಯದರಿಂದ ದಾರಿ ಎರಡಾಗಿ ಒಡೆಯುತ್ತದೆ. ಮೋಹವನ್ನು ಕ್ಷಯ ಮಾಡುತ್ತ ಹೋಗುವವನು ಹತ್ತರಿಂದ ಹನ್ನೆರಡಕ್ಕೆ ದಾಟುತ್ತಾನೆ, ಹನ್ನೊಂದನ್ನು ಮೆಟ್ಟುವುದೇ ಇಲ್ಲ. ಮೋಹವನ್ನು ಅದುಮಿಟ್ಟುಕೊಂಡು ಬಂದವನು ಹನ್ನೊಂದಕ್ಕೆ ಬರುತ್ತಾನೆ. ಕೆಸರು ತಳಕ್ಕಿಳಿದ ಶರತ್ಕಾಲದ ಕೊಳದಂತೆ ತಿಳಿಯಾಗಿರುತ್ತಾನೆ. ಅಂತರ್ಮುಹೂರ್ತ (ಒಂದು ಮುಹೂರ್ತಕ್ಕೂ ಕಡಿಮೆ ಕಾಲ) ಕಳೆಯುವುದರೊಳಗೆ ಕೆಸರು ಏಳುತ್ತದೆ, ಅವನು ಇಳಿಯಲೇಬೇಕು. ಮೇಲಿನ ಮನೆಯಲ್ಲೇ ಪತನವನ್ನು ಖಚಿತವಾಗಿ ಇಟ್ಟ ಇಂಥ ವ್ಯವಸ್ಥೆ ಜ್ಞಾನೇಶ್ವರರಿಗಿಂತ ಮೂರು ಶತಮಾನ ಹಿಂದೆಯೇ, ಹತ್ತನೆಯ ಶತಮಾನದ ಕನ್ನಡ ನಾಡಿನಲ್ಲಿ ಗ್ರಂಥಸ್ಥವಾಗಿತ್ತು.

‘ತತ್ತ್ವ ಇದ್ದರೆ ಸಾಕೇ? ಆಡುವವನ ಕೈ ಎಲ್ಲಿ?’ ಎಂದು ಕೇಳಿದರೆ ಉತ್ತರ ಪ್ರದೀಪಿಕೆಯ ಅಂಕಸಂದೃಷ್ಟಿಯಲ್ಲಿ, ಅಂದರೆ ಅಂಕಿಗಳ ಉದಾಹರಣೆಯಲ್ಲಿ, ಇದೆ. ಏಳನೆಯ ಗುಣಸ್ಥಾನದ ತುದಿಯಲ್ಲಿ, ಕ್ಷಯ, ಉಪಶಮ ಎಂಬ ಆ ಎರಡು ದಾರಿಗಳ ಹೊಸ್ತಿಲಲ್ಲಿ, ಅಧಃಪ್ರವೃತ್ತಕರಣವೆಂಬ ವಿಶುದ್ಧಿಯ ಹಂತ ಬರುತ್ತದೆ. ಅದನ್ನು ವಿವರಿಸಲು ವ್ಯಾಖ್ಯಾನ 3072 ಪರಿಣಾಮಗಳನ್ನು (ಜೀವದ ಭಾವಗಳನ್ನು) 16 ಸಮಯಗಳಿಗೆ (ಕಾಲದ ಅತಿ ಸಣ್ಣ ಘಟಕಗಳಿಗೆ) ಹಂಚುತ್ತದೆ: ಮೊದಲ ಸಮಯಕ್ಕೆ 162, ಆಮೇಲೆ ಪ್ರತಿ ಸಮಯಕ್ಕೆ ನಾಲ್ಕು ಹೆಚ್ಚು, ಕೊನೆಗೆ 222. ಮತ್ತೆ ಪ್ರತಿಯೊಂದನ್ನೂ ನಾಲ್ಕು ಖಂಡ ಮಾಡುತ್ತದೆ. ಮೊದಲ ಸಾಲು 39, 40, 41, 42. ಎರಡನೆಯದು 40, 41, 42, 43. ಬೆರಳಿಟ್ಟು ಸಾಲಿನಿಂದ ಸಾಲಿಗೆ ಇಳಿದರೆ 40 ಎರಡು ಕಡೆ ಸಿಗುತ್ತದೆ, 39 ಮೊದಲ ಸಾಲು ಬಿಟ್ಟರೆ ಮತ್ತೆ ಸಿಗುವುದಿಲ್ಲ. ಕೊನೆಯ ಸಾಲಿನ 57ಕ್ಕೂ ಹಾಗೆಯೇ ಜೊತೆ ಇಲ್ಲ. ಹಿಂದಿನ ಸಮಯದವನ ವಿಶುದ್ಧಿ ಮುಂದಿನ ಸಮಯದವನದಕ್ಕೆ ಸಮನಾಗಬಲ್ಲದು ಎಂಬ ತೊಡಕಿನ ಮಾತು ಕೂಡಿ, ಭಾಗಿಸಿ, ಹೋಲಿಸಿ ನೋಡಿದವನಿಗೇ ಹಿಡಿಯುತ್ತದೆ. ಇದನ್ನು ಬರಿಯ ಗಣಿತವೆಂದು ಬದಿಗಿಟ್ಟವರು ಓದುಗನಿಗೆ ವಹಿಸಿದ ಪಾತ್ರವನ್ನೇ ಬಿಟ್ಟುಬಿಟ್ಟರು.

ಗೊಮ್ಮಟಸಾರದಿಂದಲೇ ಮೋಕ್ಷಪಟ ಹುಟ್ಟಿತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಜ್ಞಾನೇಶ್ವರ ಪಕ್ಷದವರ ಚಾಳಿಯೇ ನನಗೂ ಹತ್ತಿದಂತೆ. ಎರಡರ ನಡುವೆ ದೊಡ್ಡ ಭೇದವೊಂದಿದೆ. ಪಟದಲ್ಲಿ ಜೀವವನ್ನು ನಡೆಸುವುದು ಗರ. ಗುಣಸ್ಥಾನದಲ್ಲಿ ಕರ್ಮದ ಉದಯ, ಉಪಶಮ, ಕ್ಷಯ. ಕವಡೆಯ ಗರ ಕರ್ಮಕ್ಕೆ ಪ್ರತಿನಿಧಿಯೋ, ಬರಿಯ ಅದೃಷ್ಟವೋ ಎಂಬುದು 72 ಮನೆಗಳ ವೈಷ್ಣವ ಪಟವೊಂದನ್ನೇ ನೋಡಿ ತೀರ್ಮಾನವಾಗುವಂಥದ್ದಲ್ಲ. ಜೈನರದೇ 84 ಮನೆಗಳ ಪಟಗಳಿವೆ. ಅವುಗಳ ಮೇಲಿನ ಸಾಲುಗಳಲ್ಲಿ ಹಾವಿನ ತಲೆ ಯಾವ ಮನೆಯಲ್ಲಿದೆ, ಬಾಲ ಯಾವ ಮನೆಗೆ ಇಳಿಯುತ್ತದೆ ಎಂಬುದನ್ನು ಕನ್ನಡ ವೃತ್ತಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ತಾಳೆ ನೋಡಬೇಕು.