ಮೂರು ಬೇಸಿಗೆಯ ಖರ್ಚು: ಚಿಕ್ಕೋಡಿ ಭಾಗದಲ್ಲಿ ಯುವಜನರ ಪರಿಸರ ಸೇವೆ ಮತ್ತು ದಾನದ ಹಣ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಯುವಕರು ಕೈಹಚ್ಚಬೇಕಾದ ಪರಿಸರದ ಕೆಲಸಕ್ಕೇನೂ ಕೊರತೆಯಿಲ್ಲ. ಕೃಷ್ಣೆಯ ದಂಡೆಯಲ್ಲಿ ಕಬ್ಬಿಗೆ ಹರಿಸಿದ ಅತಿಯಾದ ನೀರಿನಿಂದ ಎಷ್ಟೋ ಹೊಲಗಳು ಸವಳು-ಜವಳಾಗಿವೆ. ಅಥಣಿಯಿಂದ ಪೂರ್ವಕ್ಕೆ ತೆಲಸಂಗದ ಕಡೆ ಸರಿದರೆ ಬೇಸಿಗೆಯಲ್ಲಿ ನೀರಿಗೇ ತತ್ವಾರ.

ದುಡಿಯುವ ಕೈಗಳೂ ಇವೆ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸೇವೆ ಮಾಡಬೇಕು. ಜತೆಗೆ ಹಳ್ಳಿಯೊಂದರಲ್ಲಿ ಏಳು ದಿನದ ವಿಶೇಷ ಶಿಬಿರ. ಇದಕ್ಕೆ ಸರ್ಕಾರದ ಅನುದಾನವಿದೆ. ಆದರೆ ಶಾಲೆಯ ಕೋಣೆ, ಗುಡಿಯ ಪೌಳಿ, ಮನೆಮನೆಯಿಂದ ಬರುವ ರೊಟ್ಟಿ-ಶೇಂಗಾ ಹಿಂಡಿ, ಮಣ್ಣು ಹೇರಲು ಯಾರೋ ಕೊಟ್ಟ ಟ್ರ್ಯಾಕ್ಟರ್ ಯಾವ ಲೆಕ್ಕಪುಸ್ತಕಕ್ಕೂ ಏರುವುದಿಲ್ಲ. ಈ ದಾನವನ್ನು ಬಿಟ್ಟು ಬರೆದ ಶಿಬಿರದ ಲೆಕ್ಕ ಅರ್ಧ ಲೆಕ್ಕ.

ತೊಡಕಿರುವುದು ಕಾಲಾವಧಿಯಲ್ಲಿ. ಶಿಬಿರದಲ್ಲಿ ನೆಟ್ಟ ಸಸಿ ಬೇರೂರಲು ಎರಡು-ಮೂರು ಬೇಸಿಗೆ ನೀರುಣಿಸಬೇಕು; ಶಿಬಿರ ವಾರದಲ್ಲಿ ಮುಗಿಯುತ್ತದೆ, ವಿದ್ಯಾರ್ಥಿ ಎರಡೇ ವರ್ಷಕ್ಕೆ ಹೊರಬೀಳುತ್ತಾನೆ. ದಾನಿಗಳಿಗೋ ಹೆಸರು ಬರೆಸಬಹುದಾದ ಕಬ್ಬಿಣದ ಬೇಲಿಯ ಮೇಲೆ ಒಲವು. ಟ್ಯಾಂಕರ್ ನೀರಿಗೆ ಯಾರ ಹೆಸರು ಬರೆಯುವುದು?

2013ರ ಕಂಪನಿ ಕಾಯ್ದೆಯ 135ನೇ ಕಲಮು ಇಲ್ಲಿ ನೆರವಿಗೆ ಬರಬಹುದು. ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ವ್ಯಯಿಸಬೇಕು. ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು. 2021ರ ತಿದ್ದುಪಡಿ ನಿಯಮಗಳ ಪ್ರಕಾರ ಮುಂದುವರಿಯುವ ಯೋಜನೆಯೊಂದನ್ನು, ಶುರುವಾದ ವರ್ಷ ಬಿಟ್ಟು, ಇನ್ನೂ ಮೂರು ವರ್ಷ ನಡೆಸಬಹುದು. ಸಸಿಗೆ ಬೇಕಾದದ್ದೂ ಅಷ್ಟೇ.

ಗಡಿಯಾಚೆ ಮಹಾರಾಷ್ಟ್ರದ ಜತ್ತ ತಾಲೂಕು ಪಾನಿ ಫೌಂಡೇಶನ್ ಸಂಸ್ಥೆಯ ಜಲಸಂರಕ್ಷಣೆಯ ‘ವಾಟರ್ ಕಪ್’ ಸ್ಪರ್ಧೆಯಲ್ಲಿ ಪಾಲ್ಗೊಂಡಿತ್ತು. ಅಲ್ಲಿ ಶ್ರಮದಾನ ಊರಿನವರದು, ತರಬೇತಿ ಸಂಸ್ಥೆಯದು. ಯಂತ್ರಕ್ಕೆ ದಾನಿಗಳ ಕೈ. ಆ ಹಂಚಿಕೆ ನಮ್ಮ ಕಡೆಯೂ ಒಗ್ಗುತ್ತದೆ. ಆದರೆ ಗಡಿ ಸುಮ್ಮನಿರುವುದಿಲ್ಲ: ನಿಪ್ಪಾಣಿಗೆ ಅಂಟಿಕೊಂಡ ಅರ್ಜುನನಗರದ ದೇವಚಂದ್ ಕಾಲೇಜು ಕಾಗಲ್ ತಾಲೂಕಿನದು, ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ನಿಪ್ಪಾಣಿ ಪೇಟೆಯೊಳಗಿನ ಕಾಲೇಜುಗಳು ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಯವು. ಅಕ್ಕಪಕ್ಕದ ಶಿಬಿರಗಳೂ ಹೀಗೆ ಎರಡು ವಿಶ್ವವಿದ್ಯಾಲಯಗಳಿಗೆ ಹಂಚಿಹೋಗುತ್ತವೆ; ವೇದಗಂಗೆ ನದಿ ಮಾತ್ರ ಎರಡೂ ಕಡೆಯದು.

ಇನ್ನೊಂದು ಅಡಚಣೆ ಸಕ್ಕರೆಯದು. 1939ರಿಂದ ನಡೆದುಬಂದ ಉಗಾರ ಶುಗರ್ ವರ್ಕ್ಸ್ ಒಂದು ಕಂಪನಿ; ಆದರೆ ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಕಾರ್ಖಾನೆಗಳು ಸಹಕಾರಿ. ಕಂಪನಿಗಳಿಗಷ್ಟೇ ಅನ್ವಯಿಸುವ 135ನೇ ಕಲಮು ಈ ಸಹಕಾರಿ ಕಾರ್ಖಾನೆಗಳಿಗೆ ತಾಗುವುದಿಲ್ಲ. ಅಲ್ಲಿ ಹಣ ತೆಗೆದಿಡಬೇಕಾದವರು ಸರ್ವಸಾಧಾರಣ ಸಭೆಯಲ್ಲಿ ಕೂರುವ ಕಬ್ಬು ಬೆಳೆಗಾರರೇ. ಸವಳು ಹತ್ತಿದ ಹೊಲಗಳ ಒಡೆಯರೂ ಅವರಲ್ಲೇ ಇದ್ದಾರೆ.