ಜನ್ನನ ಸಂಕಲ್ಪಹಿಂಸೆಯೂ ಕುವರಲಕ್ಷ್ಮನ ಕಂಬವೂ

ಹೊಯ್ಸಳರ ಕಾಲವನ್ನು ಕುರಿತು ಬರೆಯುವವರು ಬಹುಮಟ್ಟಿಗೆ ಬೇಲೂರು ಹಳೆಯಬೀಡುಗಳ ಶಿಲ್ಪದ ಸೊಬಗನ್ನೇ ವರ್ಣಿಸಿ ತೃಪ್ತರಾಗುತ್ತಾರೆ. ಆ ಕಲ್ಲುಗಳ ನಡುವೆ ಬಾಳಿದ ಜನರು ಧರ್ಮಾಧರ್ಮಗಳನ್ನು ಹೇಗೆ ವಿವೇಚಿಸಿದರೆಂಬುದನ್ನು ವಿಚಾರಿಸಿದವರು ಕಡಮೆ. ಈ ವಿಚಾರಕ್ಕೆ ಬೇಕಾದ ಸಾಮಗ್ರಿಯು ಒಂದೇ ಆಳ್ವಿಕೆಯಲ್ಲಿ, ಅಂದರೆ ಕ್ರಿ. ಶ. ೧೧೭೩ರಿಂದ ೧೨೨೦ರ ವರೆಗೆ ರಾಜ್ಯವಾಳಿದ ಇಮ್ಮಡಿ ವೀರಬಲ್ಲಾಳನ ಸೇವಕರಲ್ಲಿ, ನಮಗೆ ದೊರೆಯುತ್ತದೆ.

ಹಳೆಯಬೀಡಿನ ಹೊಯ್ಸಳೇಶ್ವರ ದೇವಾಲಯದ ದಕ್ಷಿಣಕ್ಕೆ ಒಂದು ಶಿಲಾಸ್ತಂಭವಿದೆ. ಅದರ ಮೇಲೆ ಕತ್ತಿ ಹಿಡಿದ ವೀರರ ಬಿಂಬಗಳೂ, ತಮ್ಮ ಶಿರಸ್ಸನ್ನು ತಾವೇ ಛೇದಿಸಿಕೊಳ್ಳುತ್ತಿರುವವರ ಬಿಂಬಗಳೂ ಉಂಟು. ಬಲ್ಲಾಳನು ಮಗನಂತೆ ಸಲಹಿದ್ದರಿಂದ ‘ಕುವರ’ನೆನಿಸಿದ್ದ ದಂಡನಾಥ ಲಕ್ಷ್ಮನು, ಒಡೆಯನು ತೀರಿಕೊಂಡಾಗ ಪತ್ನಿಯಾದ ಸುಗ್ಗಲದೇವಿಯೊಡನೆಯೂ ತನ್ನ ವೀರರೊಡನೆಯೂ ಪ್ರಾಣಬಿಟ್ಟನೆಂಬುದು ಅಲ್ಲಿಯ ಶಾಸನದ ವಿಷಯವು. ವಿಷ್ಣುವಿಗೆ ಗರುಡನು ಹೇಗೋ ಹಾಗೆ ಅರಸನಿಗೆ ಇವರು. ಆದುದರಿಂದಲೇ ಇಂಥವರಿಗೆ ಗರುಡರೆಂದು ಹೆಸರು. ಲಕ್ಷ್ಮನೊಬ್ಬನೇ ಹೀಗೆ ಮಾಡಿದವನೆಂದು ತಿಳಿಯಬಾರದು. ಕೃಷ್ಣರಾಜಪೇಟೆಯ ಸೀಮೆಯ ಅಗ್ರಹಾರ ಬಾಚಹಳ್ಳಿಯ ಶಾಸನದಲ್ಲಿ ಒಂದೇ ಮನೆತನದ ಹಲವು ತಲೆಮಾರುಗಳವರು ಹೊಯ್ಸಳ ದೊರೆಗಳೊಡನೆ ಸತ್ತುದನ್ನೂ, ಅವರೊಡನೆ ಸ್ತ್ರೀಯರೂ ಊಳಿಗದವರೂ ಸತ್ತುದನ್ನೂ ಹೇಳಿದೆ. ಸುಗ್ಗಲದೇವಿಯ ಮನಸ್ಸಿನಲ್ಲಿ ಏನಿತ್ತೋ ಅದು ಶಾಸನಕವಿಯ ಬಾಯಿಂದ ಮಾತ್ರ ನಮಗೆ ಬಂದಿದೆ. ಊಳಿಗದವರದಂತೂ ಹಾಗೂ ಬಂದಿಲ್ಲ.

ಈ ಕಂಬವನ್ನು ನೆಡುವುದಕ್ಕೆ ಸುಮಾರು ಹನ್ನೊಂದು ವರುಷ ಮೊದಲು, ೧೨೦೯ರಲ್ಲಿ, ಅದೇ ಬಲ್ಲಾಳನಿಂದ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದ ಜನ್ನನು ‘ಯಶೋಧರಚರಿತೆ’ಯನ್ನು ಮುಗಿಸಿದ್ದನು. ಕಥೆಯು ಹೊಸದಲ್ಲ. ಸೋಮದೇವಸೂರಿಯು ೯೫೯ರಲ್ಲಿಯೇ ಅದನ್ನು ‘ಯಶಸ್ತಿಲಕ’ವಾಗಿ ಬರೆದಿದ್ದನು, ಜನ್ನನು ಅನುಸರಿಸಿದುದು ವಾದಿರಾಜನ ಸಂಸ್ಕೃತ ಕಾವ್ಯವನ್ನು. ಯಶೋಧರನು ಕೆಟ್ಟ ಕನಸಿನ ಶಾಂತಿಗಾಗಿ ತಾಯಿಯ ಮಾತಿಗೆ ಕಟ್ಟುಬಿದ್ದು, ಜೀವವುಳ್ಳ ಕೋಳಿಯನ್ನು ಕೊಲ್ಲಲಾರದೆ ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿಕೊಡುತ್ತಾನೆ. ರಕ್ತವಿಲ್ಲ, ಪ್ರಾಣವಿಲ್ಲ, ಆದರೂ ತಾಯಿಮಕ್ಕಳು ಆ ಪಾಪದಿಂದ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಕೊಲೆಗೀಡಾಗುತ್ತಾರೆ. ಕೊಲ್ಲುವೆನೆಂಬ ಸಂಕಲ್ಪವೇ ಹಿಂಸೆಯೆಂಬುದು ಇಲ್ಲಿಯ ತತ್ತ್ವವು. ಉಮಾಸ್ವಾತಿಯು ಪ್ರಮಾದದಿಂದ ಕೂಡಿದ ಪ್ರಾಣಹರಣವೇ ಹಿಂಸೆಯೆಂದು ಲಕ್ಷಣ ಹೇಳಿದಾಗ ಒತ್ತು ಬಿದ್ದುದು ಕತ್ತಿಯ ಮೇಲಲ್ಲ, ಕತ್ತಿ ಹಿಡಿದವನ ಭಾವದ ಮೇಲೆ.

ಜನ್ನನು ದಂಡಾಧೀಶನೂ ಮಂತ್ರಿಯೂ ಆಗಿದ್ದವನಲ್ಲವೆ, ಸೈನ್ಯದ ನಂಟುಳ್ಳವನು ಹಿಟ್ಟಿನ ಕೋಳಿಗಾಗಿ ಮರುಗುವುದೇನೆಂದು ಆಕ್ಷೇಪಿಸುವವರುಂಟು. ಈ ಆಕ್ಷೇಪವು ಶಾಸ್ತ್ರವನ್ನು ನೋಡದೆ ಆಡಿದ ಮಾತು. ಜೈನರು ಹಿಂಸೆಯಲ್ಲಿ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಭೇದವನ್ನು ಮಾಡಿ, ಗೃಹಸ್ಥನು ಮೊದಲನೆಯದನ್ನು ಮಾತ್ರ ಸಂಪೂರ್ಣವಾಗಿ ಬಿಡಬೇಕೆಂದು ವಿಧಿಸಿರುತ್ತಾರೆ. ಶತ್ರುವನ್ನು ತಡೆಯುವ ಯುದ್ಧವು ನಾಲ್ಕನೆಯದು. ಗಂಗರಾಜ, ಹುಳ್ಳ, ರೇಚರಸ ಮೊದಲಾದ ಜೈನ ದಂಡನಾಥರು ಅಣುವ್ರತಿಗಳಾಗಿಯೂ ಖಡ್ಗವನ್ನು ಹಿಡಿದುದು ಹೀಗೆ.

ಹಾಗಾದರೆ ಲಕ್ಷ್ಮನದು ಯಾವ ಬಗೆ? ಶತ್ರುವಿಲ್ಲ, ತಡೆಯಬೇಕಾದುದೂ ಇಲ್ಲ, ಶುದ್ಧವಾದ ಸಂಕಲ್ಪ. ಸಲ್ಲೇಖನವೂ ಹಾಗೆಯೇ ಅಲ್ಲವೆಂದು ಕೇಳಬಹುದು. ಶಾಂತಲೆಯ ತಾಯಿ ಮಾಚಿಕಬ್ಬೆಯು ಶ್ರವಣಬೆಳಗೊಳದಲ್ಲಿ ಆ ವ್ರತದಿಂದಲೇ ದೇಹವನ್ನು ಬಿಟ್ಟಳು. ಇದಕ್ಕೆ ಪೂಜ್ಯಪಾದನು ‘ಸರ್ವಾರ್ಥಸಿದ್ಧಿ’ಯಲ್ಲಿ ಸಮಾಧಾನ ಹೇಳಿದ್ದಾನೆ: ರಾಗದ್ವೇಷಗಳಿಂದ ಪ್ರಾಣ ಬಿಡುವುದು ಆತ್ಮವಧೆ, ಅವು ಇಲ್ಲದವನಿಗೆ ಆ ದೋಷವಿಲ್ಲ. ಒಡೆಯನ ಮೇಲಣ ಮೋಹದಿಂದ ತಲೆ ಕೊಟ್ಟವನು ಈ ಅಳತೆಯಲ್ಲಿ ಪಾರಾಗಲಾರನು. ನಮ್ಮ ಸ್ಮೃತಿಗಳ ಮಾತೂ ಬೇರೆಯಲ್ಲ. ಆತ್ಮತ್ಯಾಗಿಗಳಿಗೆ ಉದಕಕ್ರಿಯೆಯಿಲ್ಲವೆಂದು ಮನುವೂ ಯಾಜ್ಞವಲ್ಕ್ಯನೂ ಹೇಳುತ್ತಾರೆ. ಯಾಜ್ಞವಲ್ಕ್ಯನಿಗೆ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಈ ಕನ್ನಡನಾಡಿನ ಕಲ್ಯಾಣದಲ್ಲಿಯೇ ಇದ್ದವನು. ಹೀಗಿದ್ದರೂ ಕಂಬವು ರಾಜಧಾನಿಯ ನಡುವೆಯೇ ಎದ್ದಿತು. ಶಾಸ್ತ್ರವು ಒಂದನ್ನು ಹೇಳುತ್ತಿರಲು ಲೋಕವು ಇನ್ನೊಂದನ್ನು ಪೂಜಿಸಿತು.

ಅರಸೀಕೆರೆಯ ಶಾಸನವು ಇನ್ನೊಬ್ಬ ಸೇವಕನನ್ನು ತೋರಿಸುತ್ತದೆ. ವಸುಧೈಕಬಾಂಧವನೆಂಬ ಬಿರುದುಳ್ಳ ರೇಚರಸನು ಮೊದಲು ಕಳಚುರ್ಯರ ಮಂತ್ರಿಯಾಗಿದ್ದನು. ಆ ವಂಶವು ಅಳಿದಾಗ ಅವನು ಅದರೊಡನೆ ಸಾಯಲಿಲ್ಲ. ಬಲ್ಲಾಳನ ಆಶ್ರಯಕ್ಕೆ ಬಂದನು. ಶ್ರವಣಬೆಳಗೊಳದ ಬಳಿಯ ಜಿನನಾಥಪುರದಲ್ಲಿ ಶಾಂತಿನಾಥನನ್ನು ಪ್ರತಿಷ್ಠೆ ಮಾಡಿಸಿದನು. ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಬಿಂಬವನ್ನು ಸ್ಥಾಪಿಸಿದನು. ಈ ಶಾಸನದ ಕಾಲವೂ ೧೨೨೦! ಅಂದರೆ ಹಳೆಯಬೀಡಿನಲ್ಲಿ ಒಡೆಯನೊಡನೆ ಸತ್ತವನಿಗೆ ಸಂದ ಕೀರ್ತಿಯೂ, ಅರಸೀಕೆರೆಯಲ್ಲಿ ಒಡೆಯನನ್ನು ಕಳೆದುಕೊಂಡು ಬದುಕಿದವನಿಗೆ ಸಂದ ಕೀರ್ತಿಯೂ ಸಮಕಾಲದವು. ರೇಚರಸನನ್ನು ಸ್ವಾಮಿದ್ರೋಹಿಯೆಂದು ಆಗಿನವರು ಎಣಿಸಲಿಲ್ಲವೆಂಬುದು ಆ ಬಿರುದಿನಿಂದಲೇ ಸ್ಪಷ್ಟವಾಗುತ್ತದೆ. ದೋರಸಮುದ್ರದ ಅರಮನೆಯ ಕರಣಿಕತನವನ್ನು ಬಿಟ್ಟು ಹಂಪೆಗೆ ಹೋದನೆಂದು ಪ್ರತೀತಿಯುಳ್ಳ ಹರಿಹರನ ಮಾರ್ಗವು ಮತ್ತೊಂದು, ಅದನ್ನಿಲ್ಲಿ ವಿಸ್ತರಿಸುವುದಿಲ್ಲ.

ಜನ್ನನೂ ಬಲ್ಲಾಳನೊಡನೆ ಸಾಯಲಿಲ್ಲ. ಇಮ್ಮಡಿ ನರಸಿಂಹನ ಕಾಲಕ್ಕೂ ಉಳಿದು, ೧೨೩೦ರಲ್ಲಿ ‘ಅನಂತನಾಥಪುರಾಣ’ವನ್ನು ಬರೆದನು. ಅದರ ಚಂಡಶಾಸನ ವೃತ್ತಾಂತವನ್ನು ಬಲ್ಲವರಿಗೆ ಒಂದು ವಿಷಯವು ಹೊಳೆಯದಿರದು. ಮಿತ್ರನಾದ ವಸುಷೇಣನ ಪತ್ನಿ ಸುನಂದೆಯನ್ನು ಚಂಡಶಾಸನನು ಕದ್ದೊಯ್ಯುತ್ತಾನೆ. ಅವಳು ಒಲಿಯದಿರಲು ಗಂಡನದೆಂದು ಒಂದು ಹುಸಿತಲೆಯನ್ನು ತೋರಿಸುತ್ತಾನೆ. ಅವಳು ಅದನ್ನು ಕಂಡೊಡನೆ ಪ್ರಾಣಬಿಡಲು, ಅವನೂ ಅವಳೊಡನೆ ಚಿತೆಯನ್ನೇರುತ್ತಾನೆ. ಈ ಕಥೆಯೂ ಪೂರ್ವಪುರಾಣದಿಂದ ಬಂದುದೇ ಆದುದರಿಂದ, ಕವಿಯು ಲಕ್ಷ್ಮನ ಕಂಬವನ್ನು ಮನಸ್ಸಿನಲ್ಲಿಟ್ಟು ಬರೆದನೆಂದು ಸಾಧಿಸಹೊರಡುವುದು ಸಾಹಸವಾದೀತು. ಆದರೆ ಕಡಿದ ತಲೆಯನ್ನೂ ಸಹಮರಣವನ್ನೂ ಹೊಗಳುವ ಕಲ್ಲು ತನ್ನ ಊರಿನಲ್ಲಿಯೇ ನಿಂತ ಹತ್ತು ವರುಷಕ್ಕೆ, ಕಡಿದ ತಲೆಯು ಮೋಸವಾಗಿಯೂ ಸಹಮರಣವು ಕಾಮಾಂಧನ ಕೊನೆಯಾಗಿಯೂ ಬರುವ ಭಾಗವನ್ನು ಅವನು ಅಷ್ಟು ಮನಸ್ಸಿಟ್ಟು ಬೆಳೆಯಿಸಿದನೆಂಬುದಂತೂ ನಿಜ.

ಹೊಯ್ಸಳರ ದೇಗುಲಗಳು ೨೦೨೩ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಹಳೆಯಬೀಡಿಗೆ ಹೋಗುವ ವಾಚಕರು ಗುಡಿಯನ್ನು ನೋಡಿ ಹಿಂದಿರುಗದೆ, ದಕ್ಷಿಣದ ಆ ಕಂಬದ ಮುಂದೆ ನಿಂತು, ಅಲ್ಲಿಂದ ನಡೆದೇ ಹೋಗಬಹುದಾದ ಬಸ್ತಿಹಳ್ಳಿಯ ವಿಜಯಪಾರ್ಶ್ವನಾಥ ಬಸದಿಯನ್ನೂ ಕಾಣಬೇಕು. ಗಂಗರಾಜನ ಮಗ ಬೊಪ್ಪನು ೧೧೩೩ರಲ್ಲಿ ಕಟ್ಟಿಸಿದ ಆ ಬಸದಿಯು ಜನ್ನನ ಕಾಲಕ್ಕೆ ಆಗಲೇ ಹಳೆಯದು.